ಅಳಿಯನ ಹಂಡೆ, ರಾಯರ ಚೇಂಜ್‌ಓವರ್

ಕೆಇಬಿಯಲ್ಲಿದ್ದು ನಿವೃತ್ತರಾದವರು ಪಕ್ಕದ ಮನೆಯಲ್ಲಿದ್ದರೆ ಒಂದು ಅನುಕೂಲ, ಒಂದು ಅನನುಕೂಲ. ಕರೆಂಟ್ ಹೋದಾಗ ಯಾಕೆ ಹೋಯಿತು, ಯಾವ ಫೀಡರಿನಲ್ಲಿ ಹೋಯಿತು, ಎಷ್ಟು ಹೊತ್ತಿಗೆ ಬಂದೀತು ಎಂಬುದೆಲ್ಲ ಕಾಂಪೌಂಡ್ ಗೋಡೆಯ ಆಚೆಯಿಂದಲೇ ತಿಳಿಯುತ್ತದೆ. ಕರೆಂಟ್ ಬಂದ ಮೇಲೂ ವಿವರಣೆ ನಿಲ್ಲುವುದಿಲ್ಲ ಎಂಬುದು ಅನನುಕೂಲ. ಕೆಇಬಿ ಎಂಬ ಕರ್ನಾಟಕ ವಿದ್ಯುತ್ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, ಆಮೇಲೆ ಹಂಚಿಕೆ ಕಂಪನಿಗಳಾಗಿ ಹಿಸ್ಸೆಯಾಯಿತು, ಮೈಸೂರಿನ ಪಾಲಿಗೆ ಚಾಮುಂಡೇಶ್ವರಿಯ ಹೆಸರಿನ ಕಂಪನಿ ಬಂತು. ನಮ್ಮ ಪಕ್ಕದ ಮನೆಯ ರಾಯರ ಬಾಯಲ್ಲಿ ಇವತ್ತಿಗೂ ಅದು ಕೆಇಬಿಯೇ. “1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದವರು ಸ್ವಾಮಿ ನಾವು” ಎನ್ನುವಾಗ ಕಂಬ ನೆಟ್ಟವರಲ್ಲಿ ತಾವೂ ಒಬ್ಬರು ಎಂಬ ಧಾಟಿ.

ಇಂಥವರಿಗೆ ಅಮೆರಿಕದಿಂದ ಒಂದು ವೈರಿಂಗ್ ನಕ್ಷೆ ಸಿಕ್ಕಿದರೆ ಬಿಡುತ್ತಾರೆಯೇ? ಒಹಾಯೋದ ಕೊಲಂಬಸ್‌ನಲ್ಲಿರುವ ನಮ್ಮ ಅಳಿಯಂದಿರು ಗ್ಯಾರೇಜಿಗೆ ಹೊಸದಾಗಿ ಎರಡು ಲೈನ್ ಎಳೆಸಬೇಕೆಂದು ನಕ್ಷೆ ಬರೆದು, ಮಾವನಿಗೂ ಇರಲಿ ಎಂದು ವಾಟ್ಸ್ಯಾಪಿನಲ್ಲಿ ಕಳಿಸಿದ್ದರು. ನಾನು ರಾಯರಿಗೆ ಗೋಡೆಯ ಮೇಲಿಂದ ಫೋನ್ ದಾಟಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಬೆರಳಿಂದ ಚಿತ್ರ ಹಿಗ್ಗಿಸಿ ನೋಡಿದರು.

“ಎಲೆಕ್ಟ್ರಿಕ್ ಕಾರಿಗೆ 48 ಆಂಪ್ಸು. ಸರಿ. ಈ ಕಡೆ 30 ಆಂಪ್ಸಿಂದು ಇನ್ನೊಂದು. ಪಕ್ಕದಲ್ಲೇ ನಲ್ಲಿ, ತಲೆ ಮೇಲೆ ಎಕ್ಸಾಸ್ಟ್ ಫ್ಯಾನು… ಏನ್ ಸ್ವಾಮಿ, ಗ್ಯಾರೇಜಲ್ಲೇ ಬಚ್ಚಲುಮನೆ ಕಟ್ಟಿಸ್ತಾರಾ?”

ನಾನು ನಮ್ಮ ಅಡುಗೆಮನೆಯ ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದೆ. “ಅದು ಬಿಯರ್ ಕಾಯಿಸೋದಕ್ಕೆ.” ನನ್ನವಳ ತಿಳಿವಳಿಕೆಯ ಪ್ರಕಾರ ಅಳಿಯಂದಿರು ಅಲ್ಲಿ ಮಾಡುತ್ತಿರುವುದು ಬಾರ್ಲಿಯ ಮೇಲೆ ಏನೋ ಪ್ರಯೋಗ. ಅದು ಸುಳ್ಳೂ ಅಲ್ಲವಲ್ಲ.

“ಅಬಕಾರಿಯವರು ಸುಮ್ಮನೆ ಬಿಡ್ತಾರಾ?” ರಾಯರ ಮೊದಲ ಸಂಶಯ ಅದು. ನ್ಯಾಯವಾದದ್ದೇ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸಿದರೆ ಅಪರಾಧ. ಅಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ 1978ರಲ್ಲಿ ಸಹಿ ಹಾಕಿದ ಕಾನೂನು, ಮನೆಬಳಕೆಗೆ ತಯಾರಿಸಿದ ಬಿಯರಿನ ಮೇಲೆ ತೆರಿಗೆಯಿಲ್ಲ ಎಂದಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ನಿನ ಮಿತಿ. ಆದರೂ ಅಲಬಾಮಾ, ಮಿಸಿಸಿಪ್ಪಿ ಎರಡು ರಾಜ್ಯಗಳು 2013ರವರೆಗೆ ಒಪ್ಪಿರಲಿಲ್ಲವಂತೆ.

“200 ಗ್ಯಾಲನ್ ಅಂದ್ರೆ 750 ಲೀಟರಿನ ಮೇಲಾಯ್ತು. ದಿನಕ್ಕೆ ಎರಡು ಲೀಟರ್! ನಮ್ಮನೆಗೆ ಹಾಲೇ ಅಷ್ಟು ಬರೋಲ್ಲವಲ್ರೀ” ಎಂದರು ರಾಯರು. ದನಿಯಲ್ಲಿದ್ದದ್ದು ಆಕ್ಷೇಪಣೆಯೋ ಅಸೂಯೆಯೋ, ಹೇಳಲಾರೆ.

ಅಷ್ಟರಲ್ಲಿ ರಾಯರ ಮನೆಯವರು ಹೂ ಬಿಡಿಸಲು ಬಂದವರು ಅರ್ಧ ಮಾತು ಕೇಳಿಸಿಕೊಂಡು ನಿಂತರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ತರಿ ಮಾಡಿ ಬಿಸಿನೀರಿಗೆ ಹಾಕುತ್ತಾರೆ ಎಂದು ನಾನು ಹೇಳುತ್ತಿದ್ದಂತೆ, “ಅಯ್ಯೋ, ನಾವು ಮಕ್ಕಳಿಗೆ ರಾಗಿ ಮಾಲ್ಟ್ ಮಾಡೋದೂ ಹಾಗೇ ಅಲ್ವೆ?” ಎಂದರು. ಅಲ್ಲಿಯವರೆಗೆ ಹೆಚ್ಚುಕಮ್ಮಿ ಹಾಗೆಯೇ. ದಾರಿ ಬೇರೆಯಾಗುವುದು ಆಮೇಲೆ. 66 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟರೆ ಮೊಳಕೆಯಲ್ಲಿದ್ದ ಕಿಣ್ವಗಳು ಕಾಳಿನ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ನಾಲ್ಕೈದು ಡಿಗ್ರಿ ಆಚೀಚೆಯಾದರೆ ರುಚಿಯೇ ಬೇರೆ, 80 ದಾಟಿದರೆ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ಆ ಸಿಹಿನೀರನ್ನು ಬಸಿದು, ಹಾಪ್ಸ್ ಎಂಬ ಕಹಿಹೂವು ಹಾಕಿ ಒಂದು ಗಂಟೆ ಕೊತಕೊತ ಕುದಿಸಬೇಕು. ಯೀಸ್ಟ್ ಹಾಕುವುದು ತಣ್ಣಗಾದ ಮೇಲೆ. ಬೆಂಕಿಯ ಮೇಲೆ ಡಿಗ್ರಿ ಹಿಡಿಯುವುದು ಕಷ್ಟ, ಕರೆಂಟಿನಲ್ಲಾದರೆ ಕಂಟ್ರೋಲರ್ ತಾನೇ ನೋಡಿಕೊಳ್ಳುತ್ತದೆ. ಅದಕ್ಕೇ ಅಳಿಯಂದಿರು ಗ್ಯಾಸ್ ಬಿಟ್ಟು ಕರೆಂಟಿಗೆ ಬಂದದ್ದು.

ರಾಯರಿಗೆ ಕಿಣ್ವದ ಗೊಡವೆ ಬೇಕಿರಲಿಲ್ಲ. “ನೀರೆಷ್ಟು? ಎಲಿಮೆಂಟ್ ಎಷ್ಟರದ್ದು?”

ಸ್ಟೀಲ್ ಹಂಡೆಗೆ 27 ಲೀಟರ್, ಎಲಿಮೆಂಟ್ 5,500 ವ್ಯಾಟ್ ಎಂದೆ. ಅವರು ಗೋಡೆಯ ಮೇಲಿನ ಪಾಚಿಯ ಮೇಲೇ ದಾಸವಾಳದ ಕಡ್ಡಿಯಲ್ಲಿ ಲೆಕ್ಕ ಗೀರಿದರು. 20 ಡಿಗ್ರಿಯಿಂದ 100ಕ್ಕೆ ಏರಿಸಬೇಕು, ಎರಡೂವರೆ ಯೂನಿಟ್ ಚಿಲ್ಲರೆ. ಐದೂವರೆ ಕಿಲೋವ್ಯಾಟ್ ಎಲಿಮೆಂಟಿಗೆ ಅರ್ಧ ಗಂಟೆಯ ಕೆಲಸ. “240 ವೋಲ್ಟಿಗೆ 23 ಆಂಪ್ಸ್ ಎಳೆಯುತ್ತೆ. 30 ಆಂಪ್ಸ್ ಬ್ರೇಕರ್ ಸರಿ. ಅಲ್ಲ, ಅಮೆರಿಕದಲ್ಲಿ 110 ವೋಲ್ಟ್ ಅಲ್ವಾ? 240 ಎಲ್ಲಿಂದ ಬಂತು?”

ಇದನ್ನು ಅಳಿಯಂದಿರು ನನಗೆ ಬಿಡಿಸಿ ಹೇಳಿದ್ದರು. ಅಲ್ಲಿ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನ ಸುರುಳಿಗೆ ನಟ್ಟನಡುವೆ ಒಂದು ತಂತಿ ತೆಗೆದು ಅದನ್ನೇ ನ್ಯೂಟ್ರಲ್ ಮಾಡಿರುತ್ತಾರೆ. ಎರಡು ತುದಿಗಳ ನಡುವೆ 240, ಯಾವ ತುದಿಯಿಂದಲಾದರೂ ನಡುವಿಗೆ 120. ದೀಪ, ಫ್ಯಾನು, ಟಿವಿಗೆ 120. ಒಲೆ, ಬಟ್ಟೆ ಒಣಗಿಸುವ ಯಂತ್ರ, ಎಸಿ, ಕಾರಿಗೆ 240. ರಾಯರು ತಲೆದೂಗಿದರು. “ಅಂದ್ರೆ ಎರಡು ಫೇಸ್ ಅಲ್ಲ, ಒಂದೇ ಫೇಸನ್ನ ನಡುವೆ ಸೀಳಿದ್ದಾರೆ. ಬುದ್ಧಿವಂತರೇ. ಇದೇ ಎಲಿಮೆಂಟ್ ತಗೊಂಡು ಹೋಗಿ 120ಕ್ಕೆ ಹಾಕಿದ್ರೆ ಅರ್ಧ ಶಾಖ ಬರುತ್ತೆ ಅಂದ್ಕೋಬೇಡಿ. ಕಾಲು! 1,375 ವ್ಯಾಟು. ವೋಲ್ಟೂ ಅರ್ಧ, ಆಂಪ್ಸೂ ಅರ್ಧ. ಹಂಡೆ ಕುದಿಯೋ ಹೊತ್ತಿಗೆ ಅಳಿಯಂದಿರಿಗೆ ಬಾಯಾರಿಕೆಯೇ ಹೋಗಿರುತ್ತೆ.”

ಇಲ್ಲಿಯವರೆಗೆ ಎಲ್ಲ ಸಲೀಸು. ತೊಡಕಿದ್ದದ್ದು ಬೇರೆ ಕಡೆ. ಅಳಿಯಂದಿರ ಮನೆ ಹಳೆಯದು, ಮೇನ್ ಬರೀ 100 ಆಂಪ್ಸ್. ನೋಡಲು ಬಂದ ಎಲೆಕ್ಟ್ರಿಷಿಯನ್ ಪ್ಯಾನಲ್ ಬಾಗಿಲು ತೆರೆದವನೇ ಬ್ರೇಕರುಗಳ ಮೇಲಿನ ಅಂಕಿ ಕೂಡಿಸತೊಡಗಿದನಂತೆ. ಒಲೆಗೆ 50, ಡ್ರೈಯರಿಗೆ 30, ಎಸಿಗೆ 30, ಹೊಸ ಕಾರಿಗೆ 60, ಹಂಡೆಗೆ 30. ಒಟ್ಟು 200. “ಮೇನ್ ಬದಲಾಯಿಸಬೇಕು, ಬೀದಿಯಿಂದ ಬರುವ ಕೇಬಲ್ ಬದಲಾಯಿಸಬೇಕು, ಮೀಟರ್ ಪೆಟ್ಟಿಗೆಯೂ ಬದಲಾಗಬೇಕು” ಎಂದು ಸಾವಿರಾರು ಡಾಲರಿನ ಚೀಟಿ ಬರೆದು ಕೊಟ್ಟುಹೋದ.

ರಾಯರಿಗೆ ಸಿಟ್ಟೇ ಬಂತು. “ಬ್ರೇಕರ್ ಮೇಲೆ ಬರೆದಿರೋದು ಆ ತಂತಿ ಎಷ್ಟರ ತನಕ ತಡಕೊಳ್ಳುತ್ತೆ ಅಂತ. ಮನೆಯವರು ಅಷ್ಟು ಉರಿಸ್ತಾರೆ ಅಂತಲ್ಲ. ನಿಮ್ಮ ಮಗಳ ಮದುವೆಗೆ ಎಷ್ಟು ಜನ ಬಂದಿದ್ರು? ಐನೂರು. ಛತ್ರದಲ್ಲಿ ಪಂಕ್ತಿಗೆ ಎಷ್ಟು ಎಲೆ ಹಾಕಿದ್ರಿ? ನೂರು. ಯಾರಾದ್ರೂ ಉಪವಾಸ ಹೋದ್ರಾ? ನಾವು ಒಂದು ಬಡಾವಣೆಗೆ ಟ್ರಾನ್ಸ್‌ಫಾರ್ಮರ್ ಕೂರಿಸುವಾಗಲೂ ಅಷ್ಟೇ. ಎಲ್ಲಾ ಮನೆಯ ಲೋಡನ್ನೂ ಕೂಡಿಸ್ತಾ ಕೂತಿದ್ರೆ ಮೈಸೂರಿನ ಬೀದಿಗೊಂದು ಸಬ್‌ಸ್ಟೇಷನ್ ಕಟ್ಟಬೇಕಿತ್ತು. ಡೈವರ್ಸಿಟಿ ಅಂತೀವಿ ಅದಕ್ಕೆ.”

ಅಲ್ಲಿನ ನಿಯಮವೂ ಹಾಗೇ ಇದೆ ಎಂಬುದು ಸಮಾಧಾನದ ವಿಷಯ. ಹಳೆಯ ಮನೆಗೆ ಹೊಸ ಲೋಡ್ ಸೇರಿಸುವಾಗ ಅವರ ಎಲೆಕ್ಟ್ರಿಕಲ್ ಕೋಡ್ ಕೊಡುವ ಒಂದು ಲೆಕ್ಕದಲ್ಲಿ ಮೊದಲ 8 ಕಿಲೋವ್ಯಾಟನ್ನು ಪೂರ್ತಿ ಹಿಡಿದು, ಉಳಿದ ಸಾಮಾನ್ಯ ಲೋಡಿಗೆ ನೂರಕ್ಕೆ ನಲವತ್ತು ಹಿಡಿದರೆ ಸಾಕು. ಅದಕ್ಕಿಂತ ಸೊಗಸಾದ ಇನ್ನೊಂದು ಮಾತೂ ಅದರಲ್ಲಿದೆ. ಎರಡು ಲೋಡು ಒಟ್ಟಿಗೆ ನಡೆಯುವ ಸಂಭವ ಇಲ್ಲದಿದ್ದರೆ ಎರಡರಲ್ಲಿ ದೊಡ್ಡದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ, ಸಣ್ಣದನ್ನು ಬಿಡಿ.

“ಹಾಗಾದ್ರೆ ಕೇಳಬೇಕಾದ್ದು ಆಂಪ್ಸ್ ಅಲ್ಲ” ಎಂದರು ರಾಯರು. “ಅಳಿಯಂದಿರು ಹಂಡೆ ಯಾವಾಗ ಹಚ್ತಾರೆ? ಕಾರಿಗೆ ಯಾವಾಗ ಚಾರ್ಜ್ ಹಾಕ್ತಾರೆ? ದಿನಕ್ಕೆ ಎಷ್ಟು ಓಡಿಸ್ತಾರೆ?”

ವೈರಿಂಗ್ ಎಂದರೆ ಗೋಡೆಯೊಳಗಿನ ತಂತಿಯ ವಿಚಾರ ಎಂದು ನಾವೆಲ್ಲ ತಿಳಿದಿರುತ್ತೇವೆ. ರಾಯರ ಪ್ರಕಾರ ಅದು ಮನೆಯವರ ದಿನಚರಿಯ ವಿಚಾರ. ಮನೆ ಕಟ್ಟಿಸುವಾಗ ಎಲೆಕ್ಟ್ರಿಷಿಯನ್ “ಎಷ್ಟು ಪಾಯಿಂಟ್?” ಎಂದು ಕೇಳುತ್ತಾನೆಯೇ ಹೊರತು “ಬೆಳಿಗ್ಗೆ ಆರರಿಂದ ಎಂಟರವರೆಗೆ ನಿಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ?” ಎಂದು ಯಾರೂ ಕೇಳುವುದಿಲ್ಲ.

ಮಗಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಹಂಡೆ ತಿಂಗಳಿಗೊಂದೋ ಎರಡೋ ಶನಿವಾರ, ಬೆಳಿಗ್ಗೆ. ಕಾರು ದಿನಕ್ಕೆ 50 ಕಿಲೋಮೀಟರ್, ಸಂಜೆ ಏಳಕ್ಕೆ ಬಂದು ನಿಂತರೆ ಬೆಳಿಗ್ಗೆ ಏಳರವರೆಗೆ ಅಲ್ಲಾಡುವುದಿಲ್ಲ.

ರಾಯರು ಮತ್ತೆ ಪಾಚಿಯ ಮೇಲೆ ಗೀರಿದರು. “ಯೂನಿಟ್ಟಿಗೆ ಆರು ಕಿಲೋಮೀಟರ್ ಅಂತಿಟ್ಕೊಳ್ಳಿ. ಎಂಟೂವರೆ ಯೂನಿಟ್ಟು. ಹನ್ನೆರಡು ಗಂಟೆ ನಿಂತಿರೋ ಗಾಡಿಗೆ ಎಂಟೂವರೆ ಯೂನಿಟ್ ತುಂಬೋಕೆ ಹನ್ನೊಂದೂವರೆ ಕಿಲೋವ್ಯಾಟಿನ ಚಾರ್ಜರ್ ಯಾಕ್ರೀ? 16 ಆಂಪ್ಸ್ ಸಾಕು. ಎರಡೂವರೆ ಗಂಟೇಲಿ ಮುಗೀತು. ಅಲ್ಲಿ ಹಿಮ ಬೀಳುತ್ತೆ, ಬ್ಯಾಟರಿ ಸೆಟೆದುಕೊಳ್ಳುತ್ತೆ, ಹೀಟರ್ ಬೇರೆ ತಿನ್ನುತ್ತೆ, ಒಪ್ತೀನಿ. ಒಂದೂವರೆಪಟ್ಟು ಮಾಡಿ. ನಾಲ್ಕು ಗಂಟೆ. ಆಮೇಲೂ ಎಂಟು ಗಂಟೆ ಗಾಡಿ ಸುಮ್ನೆ ನಿದ್ದೆ ಮಾಡುತ್ತೆ.”

48 ಆಂಪ್ಸಿಗೆ 60ರ ಬ್ರೇಕರ್ ಬೇಕಾಗುವುದೂ, 16ಕ್ಕೆ 20ರದ್ದು ಸಾಕಾಗುವುದೂ ಒಂದೇ ಲೆಕ್ಕದಿಂದ. ಮೂರು ಗಂಟೆಗೂ ಮೀರಿ ಎಡೆಬಿಡದೆ ಎಳೆಯುವ ಲೋಡಿಗೆ ತಂತಿ, ಬ್ರೇಕರ್ ಎರಡೂ ಕಾಲು ಭಾಗ ಹೆಚ್ಚಿಗೆ ಇರಬೇಕು ಎಂದು ಅಲ್ಲಿನ ಕೋಡ್ ಹೇಳುತ್ತದೆ. 48ಕ್ಕಾದರೆ 6 ಗೇಜಿನ ತಂತಿ. ಅವರ ಗೇಜಿನ ನಂಬರ್ ಚಿಕ್ಕದಾದಷ್ಟೂ ತಂತಿ ದಪ್ಪ, ಈ 6 ಎಂದರೆ ನಮ್ಮ 13 ಸ್ಕ್ವೇರ್ ಎಂಎಂ ಹತ್ತಿರ. ತಾಮ್ರದ ಬೆಲೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. “ತಂತಿ ಸಣ್ಣದು ಎಳೆಸಲಿ, ಪೈಪ್ ಮಾತ್ರ ದೊಡ್ಡದು ಹಾಕಿಸಲಿ. ನಾಳೆ ಇನ್ನೊಂದು ಕಾರು ಬಂದ್ರೆ ಗೋಡೆ ಒಡೆಯೋ ಹಾಗಿರಬಾರದು” ಎಂದು ರಾಯರು ಫೋನಿಗೆ ಬಾಯಿಟ್ಟು ಹೇಳಿದರು.

“ಆದ್ರೂ ಅಂಕಲ್, ಒಂದಿನ ಮರೆತು ಎರಡೂ ಹಾಕಿಬಿಟ್ರೆ?” ಮಗಳ ಪ್ರಶ್ನೆ. ಗಂಡನ ಗುಣ ಬಲ್ಲವಳು.

ಈ ಪ್ರಶ್ನೆಗೇ ರಾಯರು ಕಾಯುತ್ತಿದ್ದರು. ಮುಖದಲ್ಲಿ ಯೌವನ ಮರಳಿತು. “ಚೇಂಜ್‌ಓವರ್ ಸ್ವಿಚ್ ಹಾಕ್ಸಮ್ಮ!”

ಛತ್ರಗಳಲ್ಲಿ, ಹಳೆಯ ಟಾಕೀಸುಗಳಲ್ಲಿ ಮೇನ್ ಪಕ್ಕ ಇರುತ್ತಿತ್ತಲ್ಲ, ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆ, ಬದಿಗೊಂದು ಹಿಡಿ. ಮೇಲೆತ್ತಿದರೆ ಕೆಇಬಿ, ಕೆಳಗೆಳೆದರೆ ಜನರೇಟರ್, ನಡುವೆ ಯಾವುದೂ ಇಲ್ಲ. ಎರಡಕ್ಕೂ ಏಕಕಾಲದಲ್ಲಿ ತಗುಲುವುದು ಅದರ ಕಟ್ಟಿನಲ್ಲೇ ಸಾಧ್ಯವಿಲ್ಲ. ಅದನ್ನೇ ತಿರುಗುಮುರುಗು ಮಾಡಿ ಎಂಬುದು ರಾಯರ ಸಲಹೆ. ಪ್ಯಾನಲಿನಿಂದ ಗ್ಯಾರೇಜಿಗೆ 30 ಆಂಪ್ಸಿನ ಒಂದೇ ಲೈನ್, ಅಲ್ಲಿ ಚೇಂಜ್‌ಓವರ್, ಒಂದು ಕಡೆ ಹಂಡೆ, ಇನ್ನೊಂದು ಕಡೆ 20ರ ಬ್ರೇಕರ್ ದಾಟಿ ಕಾರು. ಮನುಷ್ಯ ಮರೆತರೂ ಹಿಡಿ ಮರೆಯುವುದಿಲ್ಲ. ಲೆಕ್ಕಕ್ಕೆ ಬರುವುದು ಎರಡರಲ್ಲಿ ದೊಡ್ಡದು ಮಾತ್ರ. ಕಾರಿನ ಕರೆಂಟನ್ನು ತಾನೇ ಏರಿಸಿ ಇಳಿಸುವ ಯಂತ್ರಗಳೂ ಅಲ್ಲಿ ಸಿಗುತ್ತವಂತೆ. ರಾಯರಿಗೆ ಅದರಲ್ಲಿ ನಂಬಿಕೆ ಕಡಿಮೆ. “ಹಿಡಿ ಎಲ್ಲಿದೆ ಅಂತ ಕಣ್ಣಿಗೆ ಕಾಣಬೇಕು ಸ್ವಾಮಿ.”

ಇನ್ನೊಂದು ವಿಷಯಕ್ಕೆ ಅವರು ಪಟ್ಟು ಹಿಡಿದರು. ಸಿಮೆಂಟು ನೆಲ, ಚೆಲ್ಲಿದ ನೀರು, ಸ್ಟೀಲ್ ಹಂಡೆ, ಅದರೊಳಗೆ ಎಲಿಮೆಂಟು. ಲೀಕೇಜ್ ಬ್ರೇಕರ್ ಇಲ್ಲದೆ ಹಂಡೆ ಮುಟ್ಟಕೂಡದು. ಅಲ್ಲಿ ಅದಕ್ಕೆ ಜಿಎಫ್‌ಸಿಐ ಎನ್ನುತ್ತಾರೆ, 5 ಮಿಲಿಆಂಪ್ಸ್ ಸೋರಿದರೂ ಲೈನ್ ಕಡಿಯುತ್ತದೆ. ನಮ್ಮ ಮನೆಗಳ ಆರ್‌ಸಿಸಿಬಿ ಸಾಮಾನ್ಯವಾಗಿ 30ರದ್ದು. “ಎಲಿಮೆಂಟ್ ಪೂರ್ತಿ ನೀರೊಳಗೆ ಮುಳುಗೋ ತನಕ ಸ್ವಿಚ್ಚಿಗೆ ಕೈ ಹಾಕಬಾರದು ಅಂತ ಹೇಳಿ. ಒಣಗಿದ್ದಾಗ ಹಾಕಿದ್ರೆ ಎಲಿಮೆಂಟೂ ಹೋಯ್ತು, ಬಾರ್ಲಿಯೂ ಹೋಯ್ತು.”

ಅಳಿಯಂದಿರ ಕಥೆ ಅಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ ರಾಯರ ಮನೆಯ ಕಥೆ ಶುರುವಾಯಿತು. ಅವರ ಮಗನೂ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದಾನೆ. ಶೆಡ್ಡಿನಲ್ಲಿ ದೊಡ್ಡ ಪ್ಲಗ್ ಪಾಯಿಂಟ್ ಇದೆಯಲ್ಲ, ಅದಕ್ಕೇ ಹಾಕಿದರಾಯಿತು ಎಂಬುದು ಅವನ ಎಣಿಕೆ. ರಾಯರು ಒಪ್ಪುತ್ತಿಲ್ಲ. ಆ ಪಾಯಿಂಟ್ ಇಸ್ತ್ರಿಪೆಟ್ಟಿಗೆ, ಪ್ರೆಷರ್ ವಾಷರ್‌ಗೆಂದು ಹಾಕಿಸಿದ್ದು, ಅರ್ಧ ಗಂಟೆ ಓಡಿ ನಿಲ್ಲುವ ಸಾಮಾನು. ಕಾರಾದರೆ 14 ಆಂಪ್ಸನ್ನು ಏಳೆಂಟು ಗಂಟೆ ಒಂದೇ ಸಮನೆ ಎಳೆಯುತ್ತದೆ. ಸಾಕೆಟ್ಟಿನ ಒಳಗಿನ ಸ್ಕ್ರೂ ಕೂದಲೆಳೆಯಷ್ಟು ಸಡಿಲವಿದ್ದರೂ ಮೊದಲು ಪಿನ್ನಿನ ಬುಡ ಕಂದುತ್ತದೆ, ಆಮೇಲೆ ಪ್ಲಾಸ್ಟಿಕ್ ಮೆತ್ತಗಾಗಿ ವಾಸನೆ ಬರುತ್ತದೆ. ಅಮೆರಿಕದಲ್ಲೂ ಒಲೆಗೆಂದು ಮಾಡಿದ ಅಗ್ಗದ ಸಾಕೆಟ್ಟಿಗೆ ಕಾರು ಹಾಕಿ ಕರಗಿಸಿಕೊಂಡವರಿದ್ದಾರೆ.

ಹಾಗಾಗಿ ಮೀಟರ್ ಬೋರ್ಡಿನಿಂದ ಶೆಡ್ಡಿಗೆ ನೇರವಾಗಿ ಬೇರೆಯದೇ 6 ಸ್ಕ್ವೇರಿನ ತಂತಿ, ಅದಕ್ಕೇ ಒಂದು ಎಂಸಿಬಿ, ಒಂದು ಆರ್‌ಸಿಸಿಬಿ. ಅದೂ ಎಸಿ ಟೈಪ್ ಆಗದು, ಎ ಟೈಪ್ ಆದರೂ ಬೇಕು. ಕಾರಿನ ಒಳಗಿನ ಚಾರ್ಜರ್ ಎಸಿಯನ್ನು ಡಿಸಿ ಮಾಡುವಾಗ ಸೋರಿಕೆಯಲ್ಲಿ ಡಿಸಿ ಬೆರೆತರೆ ಸಾದಾ ಆರ್‌ಸಿಸಿಬಿ ಮಂಕಾಗಿ ಕೂತುಬಿಡುತ್ತದೆ. ಯುಪಿಎಸ್ ಲೈನಿಗಂತೂ ಸೇರಿಸುವಂತೆಯೇ ಇಲ್ಲ. ಮಂಜೂರಾದ ಲೋಡನ್ನೂ ಹೆಚ್ಚಿಸಿಕೊಳ್ಳಬೇಕು, ಕಿಲೋವ್ಯಾಟಿಗೆ ಇಷ್ಟೆಂದು ತಿಂಗಳ ನಿಗದಿ ಶುಲ್ಕ ಏರುತ್ತದೆ. ಇಲಾಖೆಯಲ್ಲಿದ್ದವರಾಗಿ ರಾಯರು ಅದನ್ನು ತಪ್ಪಿಸಿಕೊಳ್ಳುವ ಯೋಚನೆ ಮಾಡುವವರಲ್ಲ.

ಎಲ್ಲಕ್ಕಿಂತ ದೊಡ್ಡ ತಕರಾರು ಅರ್ಥಿಂಗ್‌ನದು. ಶೆಡ್ ನೋಡಲು ಬಂದ ಹುಡುಗ ಫೇಸಿಗೂ ಅರ್ಥಿಗೂ ನಡುವೆ ನೂರು ವ್ಯಾಟಿನ ಬಲ್ಬ್ ಹಿಡಿದು, ಅದು ಝಗ್ಗೆಂದು ಉರಿದದ್ದೇ “ಅರ್ಥಿಂಗ್ ಸೂಪರ್ ಸಾರ್” ಎಂದನಂತೆ. ರಾಯರು ಅವನನ್ನು ಅಲ್ಲೇ ಕೂರಿಸಿ ಪಾಠ ಮಾಡಿದರಂತೆ. ಆ ಬಲ್ಬ್ ಎಳೆಯುವುದು ಅರ್ಧ ಆಂಪ್ಸಿಗೂ ಕಡಿಮೆ. ಅರ್ಥಿನ ರೆಸಿಸ್ಟೆನ್ಸ್ 50 ಓಮ್ ಇದ್ದರೂ ಬಲ್ಬಿಗೆ 200 ವೋಲ್ಟಿನ ಮೇಲೆ ಸಿಗುತ್ತದೆ, ಉರಿಯದೆ ಏನು ಮಾಡೀತು? ಆದರೆ ನಿಜವಾಗಿ ಫೇಸ್ ಬಂದು ಕಾರಿನ ಮೈಗೆ ತಗುಲಿದರೆ ಆ 50 ಓಮಿನ ಮೂಲಕ ಹರಿಯುವುದು ನಾಲ್ಕೂವರೆ ಆಂಪ್ಸ್ ಚಿಲ್ಲರೆ. 32ರ ಎಂಸಿಬಿಗೆ ಅದು ಗಮನಕ್ಕೂ ಬರುವುದಿಲ್ಲ. “ಅರ್ಥ್ ಟೆಸ್ಟರ್ ಇಟ್ಟು ಓಮ್ ಎಷ್ಟು ಅಂತ ಬರಕೊಂಡು ಬಾ ಅಂದೆ. ಆಮೇಲೆ ಹುಡುಗನ ಪತ್ತೆಯಿಲ್ಲ.” ಚಾರ್ಜರ್ ಪೆಟ್ಟಿಗೆ ಈ ವಿಷಯದಲ್ಲಿ ಹುಡುಗನಿಗಿಂತ ವಾಸಿ. ಎಷ್ಟೋ ಪೆಟ್ಟಿಗೆಗಳು ಅರ್ಥ್ ಸರಿಯಿಲ್ಲದಿದ್ದರೆ ಕೆಂಪು ದೀಪ ತೋರಿಸಿ ಕೂತುಬಿಡುತ್ತವೆ, ಜಪ್ಪಯ್ಯ ಅಂದರೂ ಚಾರ್ಜ್ ಮಾಡುವುದಿಲ್ಲ. ಜನ ಗಾಡಿಯನ್ನೇ ಬೈಯುತ್ತಾರೆ.

“ಗೃಹಜ್ಯೋತಿ ಏನಾಗುತ್ತೆ, ಅದು ಹೇಳಿ ಮೊದಲು” ಎಂದರು ರಾಯರ ಮನೆಯವರು, ಹೂಬುಟ್ಟಿ ಗೋಡೆಯ ಮೇಲಿಟ್ಟು. ಸರ್ಕಾರದ ಆ ಉಚಿತ ಕರೆಂಟಿನ ಯೋಜನೆಯಿಂದಾಗಿ 2023ರಿಂದ ಆ ಮನೆಗೆ ಕರೆಂಟ್ ಬಿಲ್ ಸೊನ್ನೆ ಬರುತ್ತಿದೆ, ಅದನ್ನು ಅವರು ಪ್ರತಿ ತಿಂಗಳೂ ಒಮ್ಮೆ ಓದಿ ಸಂತೋಷಪಡುತ್ತಾರೆ. ಹಿಂದಿನ ಸರಾಸರಿಯ ಮೇಲೆ ನೂರಕ್ಕೆ ಹತ್ತು ಸೇರಿಸಿ ಅವರಿಗೆ ಸಿಕ್ಕ ಪಾಲು 100 ಯೂನಿಟ್ಟಿನ ಆಸುಪಾಸು. ಮಗ ದಿನಾ 25 ಕಿಲೋಮೀಟರ್ ಓಡಿಸಿದರೂ ಕಾರೊಂದೇ ತಿಂಗಳಿಗೆ 100ರ ಹತ್ತಿರ ತಿನ್ನುತ್ತದೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಪೆಟ್ರೋಲಿನ ದುಡ್ಡು ಉಳಿಯುತ್ತದಲ್ಲ ಎಂದು ರಾಯರು ವಾದಿಸಿದರು. ಪೆಟ್ರೋಲ್ ಮಗನ ಖರ್ಚು, ಕರೆಂಟ್ ಅಪ್ಪನ ಖರ್ಚು ಎಂದು ಆಕೆ ಒಂದೇ ಮಾತಿನಲ್ಲಿ ಮುಗಿಸಿದರು. ಕಾರಿಗೇ ಬೇರೆ ಮೀಟರ್ ಕೊಡುತ್ತಾರೋ ಎಂದು ಆಫೀಸಿಗೆ ಹೋಗಿ ವಿಚಾರಿಸುವುದಾಗಿ ರಾಯರು ಒಪ್ಪಿಕೊಂಡರು. ಹೇಗೂ ಅಲ್ಲಿಗೆ ಹೋಗಲು ಅವರಿಗೊಂದು ನೆಪ ಬೇಕು.

“ಹೇಗೂ ಶೆಡ್ಡಿಗೆ ದಪ್ಪ ತಂತಿ ಎಳೆಸ್ತೀರಲ್ಲ” ಎಂದು ಆಕೆ ಮುಂದುವರಿಸಿದರು, “ಅಲ್ಲೇ ಗ್ರೈಂಡರಿಗೊಂದು ಪಾಯಿಂಟ್ ಇರಲಿ, ಅಡುಗೆಮನೇಲಿ ಅದರ ಸದ್ದು ತಡೆಯೋಕಾಗಲ್ಲ. ಬಟ್ಟೆ ಮೆಷಿನ್ನಿಗೊಂದು. ಹಬ್ಬದ ದಿನ ಹೊರಗಡೆ ಕಾಯಿಸೋಕೆ ಇಂಡಕ್ಷನ್ ಒಲೆಗೊಂದು.”

ರಾಯರು ದಾಸವಾಳದ ಕಡ್ಡಿ ಕೈಗೆತ್ತಿಕೊಂಡರು. “ಎಲ್ಲಾ ಒಟ್ಟಿಗೆ ಹಾಕೋದಿಲ್ಲ ತಾನೆ?”

“ಯಾಕೆ ಹಾಕಬಾರದು?” ಎಂದರು ಆಕೆ. “ಶುಕ್ರವಾರ ಬೆಳಿಗ್ಗೆ ನನಗೆ ಎಲ್ಲಾ ಒಟ್ಟಿಗೇ ಬೇಕು.”